ಹುಲ್ಲು ಹೆಚ್ಚಾಗಿದ್ದು ಖರೇ

ಆಗಸ್ಟ್ 9, ಶನಿವಾರ. ಸಂತಪುರ

ಮತ್ತೆ ಹೊಟ್ಟೆಯ ಮೇಲೆ ಮಲಗಿ ಎಣಿಕೆ. ನೆಲದ ಮೇಲೆ ಕಬ್ಬಿಣದ ಚೌಕಟ್ಟು, ಅದರೊಳಗೆ ಯಾವ ಗಿಡ, ಎಷ್ಟು. ನಿನ್ನೆಯ ಮಳೆಗೆ ನೆಲ ಇನ್ನೂ ಹಸಿ. ಕುರ್ತಾದ ಮುಂಭಾಗವೆಲ್ಲ ಕೆಂಪು. ನಾನು ಹೆಸರು ಕೂಗುತ್ತಿದ್ದೆ, ಸಿದ್ದು ಕೊಡೆಯಡಿ ಕುಕ್ಕರುಗಾಲಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ನಡುವೆ ಒಮ್ಮೆ, "ಸತ್ತೀಯೇನ? ದನಿನೇ ಇಲ್ಲ" ಅಂದಳು. ನಿದ್ದೆ ಹತ್ತಿತ್ತು. ಇಬ್ಬರೂ ನಕ್ಕೆವು.

ಸಂತಪುರದ ಗಾಯರಾಣ ನನಗೆ ಇಷ್ಟ. ಊರ ದನ ಕುರಿ ಮೇಯುವ ಜಾಗ, ಔರಾದಿನ ಬಸ್ಸು ಬಿಟ್ಟರೆ ಹೊಗೆ ಉಗುಳುವವರಿಲ್ಲ. ಹುಲ್ಲು ಗಿಡ್ಡ. ಅದರ ಸಂದಿಯಲ್ಲಿ ನೆಲಕ್ಕಂಟಿ ಹಬ್ಬುವ ಸಣ್ಣ ಕಾಳಿನ ಗಿಡ, ನಸುಗೆಂಪು ಹೂವು. ಹಳದಿ ಹೂವಿನವು ಬೇರೆ, ನೀಲಿಯವು ಬೇರೆ.

ಬಗದಲ್ ದಾರಿಯ ಗಾಯರಾಣದಲ್ಲಿ ಇದರ ಉಲ್ಟಾ. ಅಲ್ಲಿ ಕಾರ್ಖಾನೆಯ ಗೋಡೆಗೆ ಹತ್ತಿದಂತೆ ಒರಟು ಹುಲ್ಲು ಸೊಂಟದ ಮಟ್ಟ. ಹೂವೇ ಇಲ್ಲ. ಹೊಗೆಯೊಂದಿಗೆ ಬೀಳುವ ಸಾರಜನಕ ಒರಟು ಹುಲ್ಲಿಗೆ ಪುಕ್ಕಟೆ ಗೊಬ್ಬರ. ಅದು ಎದ್ದು ನಿಂತರೆ ಸಣ್ಣವಕ್ಕೆ ಬಿಸಿಲು ಸಿಗುವುದಿಲ್ಲ. ರಸ್ತೆಯಲ್ಲಿ ಹೋಗುವವರು ಮಾತ್ರ "ಏನ್ ಹಸಿರದ ನೋಡ್ರಿ" ಅನ್ನುತ್ತಾರೆ.

ಸಂಜೆ ಬಸ್ಸಿನಲ್ಲಿ ಸೀಟಿಲ್ಲ. ಡ್ರೈವರ್ ಪಕ್ಕ ಇಂಜಿನ್ ಮೇಲೆ ಇಬ್ಬರೂ, ಮಡಿಲಲ್ಲಿ ಚೌಕಟ್ಟು.

"ಏನ್ರಿ ಇದು, ಕಿಟಕಿ ಮಾಡ್ಸೀರೇನು?" ಕಂಡಕ್ಟರ್.

"ಹೌದ್ರಿ. ಹುಲ್ಲಿನ ಮನಿಗಿ." ಸಿದ್ದು.

ಆಗಸ್ಟ್ 17, ಭಾನುವಾರ. ನೌಬಾದ, ರೂಮು

ತಮ್ಮ ಅಶ್ವಜಿತ ಭಾಲ್ಕಿಯಿಂದ ಬಂದಿದ್ದ. ಅವ್ವ ಎರಡು ಡಬ್ಬಿ ಕಳಿಸಿದ್ದಳು. ಪುಂಡಿ ಪಲ್ಯ ಖಾರದ್ದು ಸಿದ್ದುಗೆ, ಸಪ್ಪೆ ನನಗೆ. "ನಿನ್ನ ಮಗಳು ಯಾರೋ ಅಂತ ನಂಗ ಡೌಟ್ ಅದ" ಅಂತ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವ್ವ ನಕ್ಕಳು.

ಎಂ.ಎಸ್ಸಿ. ಮೊದಲ ವರ್ಷ, ಕಲಬುರಗಿ. ಸಿದ್ದು ನಮ್ಮ ಮನೆಗೆ ಮೊದಲ ಸಲ ಬಂದದ್ದು ಆಗ. ಅವಳ ಊರಿನಲ್ಲಿ ಅವಳ ಮನೆಯವರು ನಮ್ಮವರ ಓಣಿಯಲ್ಲಿ ನೀರು ಕುಡಿಯುವುದಿಲ್ಲ. ಇವಳು ಅಡುಗೆ ಮನೆಗೇ ಹೋಗಿ, ಅವ್ವನ ಪಕ್ಕ ಕೂತು, ಬಿಸಿ ರೊಟ್ಟಿ ಕೈಗೆ ತೆಗೆದುಕೊಂಡಳು. ಆಮೇಲೆ ತನ್ನ ಮನೆಯಲ್ಲಿ ಎಲ್ಲರ ಎದುರಿಗೆ ಹೇಳಿದಳಂತೆ: "ಕರುಣಾ ಮನ್ಯಾಗ ಉಂಡು ಬಂದೀನಿ." ಅವಳ ದೊಡ್ಡಪ್ಪ ಬಹಳ ದಿನ ಮಾತು ಬಿಟ್ಟಿದ್ದ. ಅಪ್ಪ ಅದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡ. ನಿವೃತ್ತ ಮಾಸ್ತರ ಅವನು, ಕಣ್ಣೀರು ತೋರಿಸುವವನಲ್ಲ.

ಜ್ಞಾನೇಶ್ವರ ಸರ್ ಕೈಕೆಳಗೆ ನಾನು ಪಿಎಚ್‌ಡಿಗೆ ಸೇರಿದಾಗ ಸಿದ್ದು ಅದೇ ಪ್ರಾಜೆಕ್ಟಿಗೆ ಅಸಿಸ್ಟೆಂಟ್ ಆಗಿ ಬಂದಳು. ಕಾಗದದ ಮೇಲೆ ನನ್ನ ಕೆಳಗೆ. ಹೊಲದಲ್ಲಿ ಯಾರು ಮೇಲೆ ಯಾರು ಕೆಳಗೆ... ಇಬ್ಬರೂ ಮಣ್ಣಿನಲ್ಲೇ.

ಅವಳ ಅಪಾಯಿಂಟ್‌ಮೆಂಟ್ ಸೆಪ್ಟೆಂಬರಿಗೆ ಮುಗಿಯುತ್ತದೆ. ಆ ಮಾತು ಬಂದರೆ ವಿಷಯ ಬದಲಿಸುತ್ತಾಳೆ.

ಆಗಸ್ಟ್ 28, ಗುರುವಾರ. ಬಗದಲ್ ದಾರಿ

ಇವತ್ತು ಚಂದ್ರಭಾಗಾ ಕಾಕು ರೇಗಿದ್ದಳು. ನಮ್ಮ ಮೇಲಲ್ಲ, ಹುಲ್ಲಿನ ಮೇಲೆ. ಅವಳು, ಅವಳ ಗಂಡ ಬಕ್ಕಪ್ಪ ಕಾಕಾ ಈ ಗಾಯರಾಣದಲ್ಲಿ ಕುರಿ ಮೇಯಿಸುವವರು. ಅವರ ಅಜ್ಜಂದಿರ ಕಾಲದಿಂದ. ನಮ್ಮ ಪ್ರಯೋಗದ ನೆಲದ ತುಂಡುಗಳಿಗೆ ತಂತಿ ಸುತ್ತಿ ಕುರಿ ಬಿಡದೆ ಇಟ್ಟುಕೊಳ್ಳಲು ಒಪ್ಪಿದ್ದೂ ಅವರೇ. ಅವರ ಮೇವಿನಲ್ಲೇ ನಮ್ಮ ತುಂಡು.

"ಹೊಟ್ಟಿ ತುಂಬ ತಿಂತಾವ. ಮರಿಗಿ ಹಾಲಿಲ್ಲ. ಇದೆಂಥ ಮೇವ್ ಯವ್ವಾ?"

ಬಕ್ಕಪ್ಪ ಕಾಕಾ ಒಂದು ಕುರಿಯ ಬಾಯಿ ಬಿಡಿಸಿ ತೋರಿಸಿದ. ಒರಟು ಹುಲ್ಲಿನ ಸೂಜಿಯಂಥ ಬೀಜ ವಸಡಿಗೆ ಚುಚ್ಚಿ ಕೀವು. ಸಿದ್ದು ಮುಖ ತಿರುಗಿಸಿದಳು. ನಾನು ಫೋಟೋ ತೆಗೆದೆ.

ಊರಲ್ಲಿ ಒಂದು ಸುದ್ದಿ. ಕಾರ್ಖಾನೆಯವರು ಎರಡನೇ ಘಟಕಕ್ಕೆ ಈ ಗಾಯರಾಣವನ್ನೇ ಕೇಳಿದ್ದಾರೆ. ಸರ್ಕಾರ ಕೊಟ್ಟರೂ ಕೊಡಬಹುದು.

"ನೀವು ಕಲ್ತವರು. ಈ ಹೊಗಿಯಿಂದ ಹಿಂಗ ಆಗ್ಯಾದ ಅಂತ ಹೇಳವರು ಯಾರಾರೆ ಬೇಕಲ್ಲ" ಅಂದಳು ಕಾಕು.

"ನಾ ಹೇಳ್ತೇನಿ ಕಾಕು. ಯಾರ್ ಮುಂದ ಬೇಕಾದ್ರೂ ಹೇಳ್ತೇನಿ."

"ಭರೋಸಾ ಕೊಡ್ತೀಯೇನ್?"

"ಕೊಟ್ಟೀನಿ."

ಸಿದ್ದು ಪಕ್ಕದಲ್ಲೇ ಇದ್ದಳು. ಕಾಕು ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ಸೆಪ್ಟೆಂಬರ್ 12, ಶುಕ್ರವಾರ. ಬೀದರ್

ಲ್ಯಾಬಿನಿಂದ ಎಲ್ಲ ಫಲಿತಾಂಶ ಬಂತು. ಖುಷಿಗೆ ಮೂರು ಸಲ ಓದಿದೆ. ಇನ್ನು ಮಳೆ ನಿಂತ ಮೇಲಿನ ಎಣಿಕೆಯೊಂದೇ ಬಾಕಿ.

ಕಾಲೇಜಿನ ಹಿತ್ತಲಲ್ಲಿ ನಮ್ಮ ಪ್ಲಾಸ್ಟಿಕ್ ಗೂಡುಗಳಿವೆ. ಮೇಲ್ಭಾಗ ತೆರೆದದ್ದು. ಒಳಗೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡುತ್ತೇವೆ — ಇನ್ನು ಕೆಲವು ದಶಕಕ್ಕೆ ಗಾಳಿ ಹೇಗಿರಬಹುದೋ ಅಷ್ಟು. ಅಲ್ಲಿ ಹುಲ್ಲು ಎತ್ತರ ಬೆಳೆದಿದೆ. ಆದರೆ ಎಲೆಯಲ್ಲಿ ಪ್ರೋಟೀನ್ ಕಡಿಮೆ. ಅನ್ನಕ್ಕೆ ನೀರು ಬೆರೆಸಿ ಪಾತ್ರೆ ತುಂಬಿಸಿದ ಹಾಗೆ. ಸಣ್ಣ ಕಾಳಿನ ಗಿಡ ಮಾತ್ರ ಗೂಡಿನಲ್ಲಿ ಚೆನ್ನಾಗಿಯೇ ಇದೆ. ಅಂದರೆ ಬಗದಲ್ ಕಡೆ ಅದನ್ನು ಅಳಿಸಿದ್ದು ಕಾರ್ಬನ್ ಅಲ್ಲ, ಹೊಗೆ. ಅಲ್ಲಿ ಕೊನೆಗೆ ಸಿಕ್ಕ ಅದರ ಎಲೆಗಳ ಮೇಲೆ ಸೂಜಿ ಮೊನೆಯಷ್ಟು ಕಂದು ಚುಕ್ಕೆ, ಸಾವಿರ. ಹೊಗೆಗೆ ಬಿಸಿಲು ಬಡಿದು ಹುಟ್ಟುವ ಓಜೋನಿನ ಗುರುತು.

ಕುರಿಗೆ ಪ್ರೋಟೀನ್ ಕೊಡುತ್ತಿದ್ದುದೇ ಆ ಕಾಳಿನ ಗಿಡ. ಅದು ಹೋಯಿತು. ಉಳಿದದ್ದು ಬಲಿತು ನಾರಾದ ಒರಟು ಹುಲ್ಲು, ಅದರಲ್ಲೂ ಪ್ರೋಟೀನ್ ಕಡಿಮೆ. ಹೊಟ್ಟೆ ತುಂಬ ತಿಂದು ಸೊರಗುವ ಕುರಿ. ಕಾಕು ಕೇಳಿದ್ದಕ್ಕೆ ಉತ್ತರ ಇದು.

ಸಿದ್ದುಗೆ ತೋರಿಸಿದೆ. ಓದಿ ತಬ್ಬಿಕೊಂಡಳು. "ಇದೇ ನಿನ್ನ ಥೀಸಿಸ್ ನೋಡ್. ಪೂರಾ ಬಂತು." ಆಮೇಲೆ ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದಳು. 'ನಿನ್ನ' ಅಂದಳು. ನಾನು 'ನಮ್ಮ' ಅಂದೆ. ಅವಳಿಗೆ ಕೇಳಿಸಲಿಲ್ಲ ಅನಿಸುತ್ತದೆ.

ಸೆಪ್ಟೆಂಬರ್ 21, ಭಾನುವಾರ. ನೌಬಾದ

ಸಿದ್ದು ಹೊರಟಳು. ಹೈದರಾಬಾದಿನಲ್ಲಿ ಕೆಲಸ. ಯಾವುದೋ ಎನ್ವಿರಾನ್‌ಮೆಂಟ್ ಕನ್ಸಲ್ಟೆನ್ಸಿ. ಹೆಸರು ಕೇಳಿದೆ, "ಹೊಸಾದು, ನಿಂಗ ಗೊತ್ತಿರಲ್ಲ" ಅಂದಳು. ಖುಷಿಪಡಬೇಕು. ಪಟ್ಟೆ. ರೂಮು ಅರ್ಧ ಖಾಲಿ.

"ಜಾಯಿನ್ ಆಗೂ ಮುಂದ ಏನರೆ ಕೆಲಸ ತೋರ್ಸು ಅಂದಾರ. ಬಗದಲ್ ಕಡಿ ಫೋಟೋ ಮತ್ತ ಹುಲ್ಲಿನ ತೂಕದ ಅಂಕಿ ಕೊಡ್ತೀಯೇನ?"

ಪೆನ್‌ಡ್ರೈವಿಗೆ ಎಲ್ಲ ಹಾಕಿಕೊಟ್ಟೆ. ಕೇಳಿದ್ದಕ್ಕಿಂತ ಹೆಚ್ಚೇ. ಪ್ರೋಟೀನ್, ಗಿಡಗಳ ಎಣಿಕೆ, ಕುರಿಯ ಬಾಯಿಯ ಫೋಟೋ. "ಪೂರಾ ಒಯ್ಯಿ. ನೀನೂ ದುಡ್ದೀಯಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಅತ್ತಳು. ನನಗಿಂತ ಹೆಚ್ಚು. ಕಿಟಕಿಯಿಂದ ಕೈ ಚಾಚಿ ನನ್ನ ಕೈ ಬಿಡಲೇ ಇಲ್ಲ; ಬಸ್ಸು ಹೊರಟ ಮೇಲೆ ನಾಲ್ಕು ಹೆಜ್ಜೆ ಓಡಿದೆ.

ಅಕ್ಟೋಬರ್ 11, ಶನಿವಾರ. ಭಾಲ್ಕಿ, ಸಂಜೆ

ಹೇಗೆ ಬರೆಯಲಿ.

ಅಪ್ಪ ಮುಂಜಾನೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ತಯಾರಾಗಿದ್ದ. "ನಡಿ, ನಿಂಗ ಒಂದು ಸರ್‌ಪ್ರೈಜ್ ಅದ" ಅಂದ. ಊರ ಕಲ್ಯಾಣಮಂಟಪದಲ್ಲಿ ಪರಿಸರದ ವಿಚಾರ ಸಂಕಿರಣ. ಕಮಾನಿನ ಮೇಲೆ ಕಾರ್ಖಾನೆಯ ಹೆಸರು. ಬಗದಲ್ ದಾರಿಯ ಕಾರ್ಖಾನೆ. ಭಾಷಣಕಾರರಲ್ಲಿ ಸಿದ್ದೇಶ್ವರಿಯ, ನಮ್ಮ ಸಿದ್ದುವಿನ, ಫೋಟೋ.

ಅಪ್ಪ ಬ್ಯಾನರ್ ನೋಡಿ ತಿಳಿದುಕೊಂಡದ್ದು ಇಷ್ಟೇ: ಸಿದ್ದು ನಮ್ಮ ಊರಿಗೇ ಬಂದು ಮಾತಾಡುತ್ತಾಳೆ. ಮಗಳಿಗೆ ಗೊತ್ತಿರಲಿಕ್ಕಿಲ್ಲ, ಖುಷಿಪಡಿಸೋಣ.

ಮುಂದಿನ ಸಾಲಿನಲ್ಲೇ ಕೂತೆವು. ಸಿದ್ದು ರೇಷ್ಮೆ ಸೀರೆ ಉಟ್ಟಿದ್ದಳು. ನನ್ನನ್ನು ನೋಡಿದ ಕೂಡಲೇ ಮೈಕಿನ ವೈರು ಸರಿಮಾಡಿದಳು. ಮತ್ತೆ ನೋಡಲಿಲ್ಲ.

ಪರದೆಯ ಮೇಲೆ ನಮ್ಮ ತುಂಡು. ಎತ್ತರದ ಹುಲ್ಲು, ಅದರ ಪಕ್ಕ ಅಳತೆಕೋಲು, ಕೋಲು ಹಿಡಿದ ಕೈ. ನನ್ನ ಕೈ. ಮುಂಗೈ ಮೇಲೆ ಹುಲ್ಲು ಕೊಯ್ದ ಗೆರೆ ಕೂಡ ಕಾಣುತ್ತಿತ್ತು.

"ಕಾರ್ಬನ್ ಡೈಆಕ್ಸೈಡ್ ಅಂದ ಕೂಡಲೇ ನಾವು ಹೆದರುತ್ತೇವೆ" ಅಂದಳು. ಪುಸ್ತಕದ ಭಾಷೆಯಲ್ಲಿ. "ಆದರೆ ಗಿಡಗಳಿಗೆ ಅದು ಆಹಾರ. ಕಾರ್ಖಾನೆಯ ನೆರೆಯ ಗಾಯರಾಣದಲ್ಲಿ ಹುಲ್ಲಿನ ಇಳುವರಿ ಹೆಚ್ಚಾಗಿದೆ. ಇದು ನಮ್ಮ ಜಿಲ್ಲೆಯಲ್ಲೇ, ನಮ್ಮವರೇ ಮಾಡಿದ ಅಧ್ಯಯನ."

ಕಂಬಗಳ ಚಿತ್ರ. ಒಂದು ಗಿಡ್ಡ, ಒಂದು ಎತ್ತರ. ಜನ ತಲೆ ಆಡಿಸಿದರು. ನಾನು ಕಾಯುತ್ತಿದ್ದೆ. ಈಗ ಪ್ರೋಟೀನ್ ಬರುತ್ತದೆ. ಈಗ ಹೋಗಿರುವ ಕಾಳಿನ ಗಿಡ. ಈಗ ಕುರಿಯ ಬಾಯಿ. ಬರಲಿಲ್ಲ. ಬಂದದ್ದು ಎರಡನೇ ಘಟಕದ ನಕ್ಷೆ, ಸುತ್ತ ಹಸಿರು ಪಟ್ಟಿ.

ಕೊನೆಗೆ ಕೃತಜ್ಞತೆ. ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ: ಸಂಶೋಧನಾ ಸಹಭಾಗಿ — ಕರುಣಾ ಕಾಶೀರಾಮ.

ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ಒಬ್ಬನೇ. ಆಮೇಲೆ ಇಡೀ ಸಭಾಂಗಣ ತಟ್ಟಿತು. ಅಪ್ಪ ನನ್ನ ಕಡೆ ತಿರುಗಿ ಏನೋ ಅಂದ. ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಅವನ ಮುಖ ನೋಡಲಾಗಲಿಲ್ಲ.

ಅಕ್ಟೋಬರ್ 12, ಭಾನುವಾರ. ಭಾಲ್ಕಿ

ನಿನ್ನೆ ಉಳಿದದ್ದು ಇವತ್ತು ಬರೆಯುತ್ತೇನೆ. ಬರೆಯದಿದ್ದರೆ ನಾನೇ ನಂಬುವುದಿಲ್ಲ.

ಸಭೆ ಮುಗಿದ ಮೇಲೆ ಮಂಟಪದ ಹಿಂದೆ, ಅಡುಗೆಯವರು ಪಾತ್ರೆ ತೊಳೆಯುವಲ್ಲಿ ಹಿಡಿದೆ.

"ಹೈದರಾಬಾದ್ ಅಂದಿದ್ದಿ."

"ಆಫೀಸ್ ಅಲ್ಲೇ ಅದ. ಕೆಲಸ ಇಲ್ಲಿದು."

"ಆ ಗಾಯರಾಣ ಒಯ್ಲಾಕ ನನ್ನ ಕೈ ತೋರ್ಸಿದಿ."

"ಸುಳ್ಳೇನ್ ಹೇಳೀನಿ? ಹುಲ್ಲು ಹೆಚ್ಚಾಗಿಲ್ಲೇನು? ನೀನೇ ತೂಗಿ ಇಟ್ಟಿ."

"ಹುಲ್ಲು ಹೆಚ್ಚಾಗಿದ್ದು ಖರೇ. ಉಳಿದದ್ದು ಎಲ್ಲಿ?"

"ಉಳಿದದ್ದು ನೀ ಬರಿ. ನಿನ್ನ ಥೀಸಿಸ್‌ನಾಗ. ಯಾರು ಬ್ಯಾಡ ಅಂದಾರ? ಮತ್ತ ನಿನ್ನ ಹೆಸರು ಹಾಕೀನಿ ಕರುಣಾ, ಕದ್ದಿಲ್ಲ."

"ಹೆಸರು ಹಾಕಿದ್ದೇ ತಪ್ಪು."

ಆಗ ಅವಳ ಕಣ್ಣಲ್ಲಿ ನೀರಿತ್ತು, ಇದನ್ನೂ ಬರೆಯಬೇಕು. ನಾನು ಅವಳ ತೋಳು ಹಿಡಿದು ಹೇಳಿದೆ: ಹಿಂದಕ್ಕೆ ತಗೋ, ಎರಡನೇ ಘಟಕದ ಸಾರ್ವಜನಿಕ ಅಹವಾಲು ಸಭೆ ಇನ್ನೂ ಮುಂದಿದೆ, ಅಲ್ಲಿ ಪೂರ್ತಿ ಹೇಳು, ನಾನು ಜೊತೆಗೆ ನಿಲ್ಲುತ್ತೇನೆ. ಕೆಲಸ ಹೋದರೆ ಬೇರೆ ನೋಡೋಣ.

ಅವಳು ತೋಳು ಬಿಡಿಸಿಕೊಂಡಳು.

"ನಿಂಗೇನು, ಹೇಳ್ತಿ. ಫೆಲೋಶಿಪ್ ಅದ. ನಾನೂ ಅದೇ ಕ್ಲಾಸು, ನಿನಗಿಂತ ಮಾರ್ಕ್ಸ್ ಹೆಚ್ಚು. ನಿಮ್ಮವರಿಗೆ ಸರ್ಕಾರ ಕೊಡ್ತದ. ನಮಗ್ ಯಾರು ಕೊಡ್ತಾರ?"

ನಿಮ್ಮವರು.

ವೇದಿಕೆಯ ಮೇಲೆ 'ನಮ್ಮವರೇ ಮಾಡಿದ ಅಧ್ಯಯನ' ಅಂದಿದ್ದಳು. ಹಿಂದೆ ಬಂದರೆ 'ನಿಮ್ಮವರು'. ಇಷ್ಟು ವರ್ಷ ಆ ಮಾತು ಎಲ್ಲಿತ್ತು? ಅವ್ವನ ಪಕ್ಕ ಕೂತು ಉಣ್ಣುವಾಗ ಬಾಯೊಳಗೇ ಇತ್ತೇ?

ಅಂದ ಮೇಲೆ ಅವಳೂ ಬೆಚ್ಚಿದಳು. "ಹಂಗಲ್ಲ..." ಅಂದಳು. ನಾನು ನಿಲ್ಲಲಿಲ್ಲ.

ಅಪ್ಪ ಹೊರಗೆ ಯಾರಿಗೋ ಹೇಳುತ್ತಿದ್ದ, "ನನ್ನ ಮಗಳು, ಪರದಿ ಮ್ಯಾಲ ಹೆಸರು ಬಂತಲ್ಲ..." ಮನೆಗೆ ಬಂದು ಎಲ್ಲ ಹೇಳಿದೆ. ಕಾರ್ಖಾನೆಯದು. 'ನಿಮ್ಮವರು' ಮಾತ್ರ ಹೇಳಲಿಲ್ಲ. ಅಪ್ಪ ಬಿಳಿ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಬಹಳ ಹೊತ್ತು ಅದರ ಕಡೆಗೇ ನೋಡುತ್ತಿದ್ದ.

ಅಕ್ಟೋಬರ್ 14, ಮಂಗಳವಾರ. ಬೀದರ್

ಜ್ಞಾನೇಶ್ವರ ಸರ್ ಛೇಂಬರ್. ಅವರಿಗೆ ಮೊದಲೇ ಗೊತ್ತಿತ್ತು.

"ಸಿದ್ದೇಶ್ವರಿ ನನ್ನ ಕೇಳೇ ಒಯ್ದಾಳವಾ. ಕಂಪನಿಯವರು ನಮ್ಮ ವಿಭಾಗಕ್ಕ ಒಂದು ಲ್ಯಾಬ್ ಕಟ್ಟಿ ಕೊಡ್ತಾರ. ನಾಳೆ ನಿನ್ನಂಥವರಿಗೇ ಉಪಯೋಗ."

"ಸರ್, ಅರ್ಧ ಫಲಿತಾಂಶ ಅದು."

"ವಿಜ್ಞಾನದಾಗ ಯಾವಾಗರೆ ಪೂರಾ ಇರ್ತದೇನು? ನೀ ಥೀಸಿಸ್ ಮುಗ್ಸು. ಸಭೆ ಗಿಭೆ ಹಚ್ಕೋಬ್ಯಾಡ. ಹೋದ್ರ ಬ್ಯಾರೆ ಗೈಡ್ ನೋಡ್ಕೋಬೇಕಾಗ್ತದ."

ಮೆತ್ತಗೆ ಹೇಳಿದರು. ಚಹಾ ಕೂಡ ತರಿಸಿದರು. ಕುಡಿದೆ. ಯಾಕೆ ಕುಡಿದೆನೋ.

ಅಕ್ಟೋಬರ್ 24, ಶುಕ್ರವಾರ. ಬಗದಲ್ ದಾರಿ

ಇಲ್ಲಿಗೆ ಬರಲು ಇಷ್ಟು ದಿನ ತಡೆದದ್ದು ಹೆದರಿಕೆಯಿಂದ. ದೀಪಾವಳಿ ನೆಪ.

ತಂತಿ ಕಿತ್ತು ಸುರುಳಿ ಸುತ್ತಿ ಬದಿಗಿಟ್ಟಿದ್ದರು. ಗೂಟಗಳೂ ಕಟ್ಟಾಗಿ ಅದರ ಪಕ್ಕದಲ್ಲಿ. ತುಂಡುಗಳಲ್ಲಿ ಕುರಿ ನಿಂತಿದ್ದವು. ಮೂರು ಮಳೆಗಾಲದ ಕೆಲಸ, ನೆಲದ ಮಟ್ಟ ಮೇಯ್ದಿದ್ದವು.

ಚಂದ್ರಭಾಗಾ ಕಾಕು ಬೇವಿನ ನೆರಳಿನಲ್ಲಿದ್ದಳು. ಏಳಲಿಲ್ಲ.

"ಪಂಚಾಯ್ತ್ಯಾಗ ಕಂಪನಿಯವರು ಟೀವಿ ಹಚ್ಚಿ ತೋರ್ಸಿದ್ರು ಮೇಡಂ. ಮೇವ್ ಛಲೋ ಆಗ್ಯಾದಂತ. ನಿಮ್ಮ ಹೆಸರು ಓದಿ ಹೇಳಿದ್ರು."

ಮೇಡಂ. ಇವಳು ನನ್ನನ್ನು ಯಾವತ್ತೂ ಮೇಡಂ ಅಂದಿರಲಿಲ್ಲ.

"ಕಾಕು, ನಾ ಹಂಗ ಹೇಳಿಲ್ಲ. ಸಿದ್ದು..."

"ಆಕೀನೂ ನಿಮ್ಮ ಜೋಡೀನೇ ಬರ್ತಿದ್ಲಲ್ರಿ. ನಾ ಇಬ್ರಿಗೂ ಮಜ್ಜಿಗಿ ಕೊಟ್ಟೀನಿ. ನಿಮ್ಮ ನಿಮ್ಮ ಜಗಳ ನಮಗ್ಯಾಕ?"

ಬೈದಿದ್ದರೆ ನಿಲ್ಲುತ್ತಿದ್ದೆ. ಬೈಯಲಿಲ್ಲ. ತಂಬಿಗೆ ನನ್ನ ಮುಂದೆ ಸರಿಸಿದಳು. "ಬಿಸಿಲಾಗ ಬಂದೀರಿ. ನೀರ್ ಕುಡ್ದು ಹೋಗ್ರಿ." ಬಕ್ಕಪ್ಪ ಕಾಕಾ ದೂರದಲ್ಲಿ ಕುರಿ ತಿರುಗಿಸುತ್ತಿದ್ದ. ನನ್ನ ಕಡೆ ಬೆನ್ನು.

ಬಸ್ಸಿಗೆ ಕಾಯುತ್ತ ನಿಂತಿದ್ದಾಗ... ಮಾಡಬಾರದಿತ್ತು. ಸಿದ್ದುಗೆ ಫೋನ್ ಮಾಡಿದೆ. ಮತ್ತೆ ಯಾರಿಗೆ ಮಾಡಲಿ? ಆ ತುಂಡು ಏನೆಂದು ಗೊತ್ತಿದ್ದವಳು ಅವಳೊಬ್ಬಳೇ. ಅತ್ತೆ. ತುಂಡೆಲ್ಲ ಹೋಯಿತು, ಕುರಿ ಬಿಟ್ಟರು, ಈ ಸಲದ ಕೊನೆಯ ಎಣಿಕೆ ಆಗಲೇ ಇಲ್ಲ ಅಂದೆ. ಅವಳೂ ಅತ್ತಳು. "ಹೋಗ್ಲಿ ಬಿಡು ಕರುಣಾ, ನೀ ಮೊದಲು ಏನರೆ ಉಣ್ಣು" ಅಂದಳು. ಒಂದು ಗಳಿಗೆ ಹಳೆಯ ಸಿದ್ದು.

ನವೆಂಬರ್ 19, ಬುಧವಾರ. ಬೀದರ್

ಅಹವಾಲು ಸಭೆ. ಕಾರ್ಖಾನೆಯ ಮುಂದಿನ ಮೈದಾನದಲ್ಲಿ ಶಾಮಿಯಾನ. ನಾನು, ಅಪ್ಪ, ಅಶ್ವಜಿತ ಹೋದೆವು. ಬೆಳಿಗ್ಗೆ ಅವ್ವ, "ಗಟ್ಟಿಯಾಗಿ ಮಾತಾಡು, ನಿನ್ನ ದನಿ ಸಣ್ಣದು" ಅಂದಿದ್ದಳು.

ಹೆಸರು ಕೂಗಿದಾಗ ಹೋದೆ. ಮೈಕು ನನ್ನ ಎತ್ತರಕ್ಕೆ ಇಳಿಯಲಿಲ್ಲ, ಕೈಯಲ್ಲಿ ಬಗ್ಗಿಸಿ ಹಿಡಿದೆ. ಹೇಳಿದೆ: ಪರದೆಯಲ್ಲಿ ತೋರಿಸಿದ ಅಧ್ಯಯನ ನನ್ನದು. ಹುಲ್ಲು ಹೆಚ್ಚಾಗಿದ್ದು ಖರೇ. ಆ ಹುಲ್ಲಿನಲ್ಲಿ ಸತ್ವ ಕಡಿಮೆಯಾಗಿದೆ, ಇದೂ ಖರೇ. ಹೊಗೆಯಿಂದ ಕಾಳಿನ ಗಿಡ ಅಳಿದಿದೆ. ಕುರಿಗಳು ತಿಂದೂ ಸೊರಗುತ್ತಿವೆ. ಗಾಯರಾಣ ಸುಧಾರಿಸಿದೆ ಅಂತ ನಾನು ಎಲ್ಲೂ ಹೇಳಿಲ್ಲ. ಅರ್ಧ ತೋರಿಸಿ ನನ್ನ ಹೆಸರು ಹಚ್ಚಿದ್ದಾರೆ. ನನಗೆ ಧೋಕಾ ಆಗಿದೆ, ಈ ಊರಿಗೂ ಆಗಿದೆ.

ಅಧಿಕಾರಿ ತಲೆ ಎತ್ತಿದರು. ಹಿಂದೆ ಗದ್ದಲ. ಕಂಪನಿಯ ಪರವಾಗಿ ಉತ್ತರ ಕೊಡಿ ಅಂದರು.

ಸಿದ್ದು ಎದ್ದಳು. ನನ್ನ ಕಡೆ ನೋಡದೆ, ಶಾಂತವಾಗಿ:

"ಕರುಣಾ ನನ್ನ ಸಹೋದ್ಯೋಗಿ. ಅವರ ಬಗ್ಗೆ ಗೌರವ ಇದೆ. ಆದರೆ ಅವರ ಈ ವರ್ಷದ ಅಧ್ಯಯನ ಅಪೂರ್ಣ. ಪ್ರಯೋಗದ ತುಂಡುಗಳನ್ನು ಕುರಿ ಮೇಯ್ದಿವೆ. ಕೊನೆಯ ಎಣಿಕೆ ಆಗಿಲ್ಲ. ಇದನ್ನು ಅವರೇ ನನಗೆ ಫೋನ್ ಮಾಡಿ ಹೇಳಿದ್ದಾರೆ. ಅಪೂರ್ಣ ಅಂಕಿಗಳ ಮೇಲೆ ಭಾವನಾತ್ಮಕವಾಗಿ..."

ಮುಂದೆ ಕೇಳಿಸಲಿಲ್ಲ. ಆ ಫೋನು. ನನ್ನ ಅಳು. ಅವಳು ಅಳುತ್ತಲೇ ಅದನ್ನು ಎತ್ತಿಟ್ಟುಕೊಂಡಿದ್ದಳು. ಭಾಲ್ಕಿಯಲ್ಲಿ ಆದದ್ದು ಕೆಲಸಕ್ಕಾಗಿ ಅಂತ ಎಲ್ಲೋ ಒಳಗೆ ಕ್ಷಮೆಗೆ ಜಾಗ ಇಟ್ಟಿದ್ದೆ. ಇದಕ್ಕೆ ಎಲ್ಲಿಡಲಿ?

ಆಗ ಹೆಂಗಸರ ಕಡೆಯಿಂದ ದನಿ. ಚಂದ್ರಭಾಗಾ ಕಾಕು ಮೈಕಿಗೂ ಬರಲಿಲ್ಲ, ಕೂತಲ್ಲಿಂದಲೇ ಎದ್ದು ನಿಂತಳು.

"ತಂತಿ ಕಿತ್ತಿದ್ದು ನಾ ರೀ ಸಾಹೇಬ್ರ. ಕುರಿ ಬಿಟ್ಟಿದ್ದೂ ನಾ. ಈ ಹುಡುಗಿ ನಮಗ ಧೋಕಾ ಮಾಡ್ಯಾಳ ಅಂತ ಸಿಟ್ಟಿನಾಗ ಬಿಟ್ಟೀನಿ. ಯಾರು ಮಾಡ್ಯಾರ ಅಂತ ಈಗ ಕಂಡ್ತು."

ನಗು, ಗದ್ದಲ, ಯಾರೋ ಶಿಳ್ಳೆ.

"ಮತ್ತ ಒಂದ್ ಮಾತ್ರಿ. ಅಂಕಿ ಅಪೂರ್ಣ ಅಂದ್ರ ಪೂರ್ಣ ಮಾಡ್ಸ್ರಿ. ಮುಂದಿನ ಮಳಿಗಾಲ ಬರ್ತದಲ್ಲ. ಅಷ್ಟ್ ಅರ್ಜೆಂಟ್ ಯಾಕ್ರಿ?"

ಬಕ್ಕಪ್ಪ ಕಾಕಾ ಸೆರಗು ಜಗ್ಗಿ ಕೂಡಿಸಿದ. ಕೂತಳು. ಮತ್ತೆ ಎದ್ದಳು. "ಅಷ್ಟೇ ರೀ."

ಸಭೆ ಮುಗಿದ ಮೇಲೆ ಅವಳ ಹತ್ತಿರ ಹೋದೆ. ನನ್ನ ಗದ್ದ ಹಿಡಿದು ಎತ್ತಿದಳು. "ಇಷ್ಟ್ ಕಲ್ತು ಹಿಂಗ ಯಾರನ್ನರೆ ನಂಬ್ತಾರೇನ್ ಯವ್ವಾ." ಬೈಗುಳವೋ ಸಮಾಧಾನವೋ ಗೊತ್ತಾಗಲಿಲ್ಲ. ಯವ್ವಾ ಅಂದಳಲ್ಲ, ಅಷ್ಟು ಸಾಕಾಯಿತು.

ಸಿದ್ದು ಕಂಪನಿಯ ಕಾರಿನಲ್ಲಿ ಹೋದಳು.

ನವೆಂಬರ್ 27, ಗುರುವಾರ. ಬೀದರ್

ಎರಡು ಸುದ್ದಿ.

ಗಾಯರಾಣದ ವಿಷಯ ಮುಂದಕ್ಕೆ. ಮುಂದಿನ ಮಳೆಗಾಲದಲ್ಲಿ ಬೇರೆ ಸಂಸ್ಥೆಯಿಂದ ಪೂರ್ತಿ ಅಧ್ಯಯನ ಮಾಡಿಸಿ ಆಮೇಲೆ ತೀರ್ಮಾನ ಅಂತ ಅಧಿಕಾರಿ ಬರೆದಿದ್ದಾರೆ. ಗೆದ್ದದ್ದಲ್ಲ. ಒಂದು ವರ್ಷ ಉಳಿಯಿತು.

ಜ್ಞಾನೇಶ್ವರ ಸರ್ ಕೈಬಿಟ್ಟರು. ಮಾತು ಕೊಟ್ಟ ಹಾಗೇ ನಡೆದುಕೊಂಡ ಒಬ್ಬರಾದರೂ ಸಿಕ್ಕರಲ್ಲ. ಹಿತ್ತಲ ಗೂಡುಗಳಿಗೆ ಬೀಗ. ಬೇರೆ ಗೈಡ್ ಹುಡುಕಬೇಕು, ಕಲಬುರಗಿಯಲ್ಲಿ ಒಬ್ಬರು ನೋಡೋಣ ಅಂದಿದ್ದಾರೆ.

ಅವ್ವ ಫೋನಿನಲ್ಲಿ ಕೇಳಿದಳು, "ಸಿದ್ದು ಫೋನ್ ಮಾಡಿದ್ಲೇನು?" ಇಲ್ಲ ಅಂದೆ. "ಆಕಿ ಅವ್ವ ಮಂದಿಗಿ ಹೆದ್ರಾಕಿ. ಈಕಿ ಹಂಗಿರಲಿಲ್ಲ..." ಅಂತ ಏನೋ ಶುರು ಮಾಡಿ ನಿಲ್ಲಿಸಿದಳು. ಅವ್ವ ಅವಳ ಹೆಸರು ಇನ್ನೂ ಮೊದಲಿನ ಹಾಗೇ ಹೇಳುತ್ತಾಳೆ. ಆ 'ನಿಮ್ಮವರು' ಮಾತು ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳುವುದಿಲ್ಲ. ಅವ್ವನಿಗಾದರೂ ಅಷ್ಟು ಉಳಿಯಲಿ.

ಡಿಸೆಂಬರ್ 14, ಭಾನುವಾರ. ಸಂತಪುರ, ಬೆಳಿಗ್ಗೆ

ಚಳಿ. ಇಲ್ಲಿಯ ಸಾಲಿ ಟೀಚರ್ ಮಲ್ಲೇಶ್ವರಿಬಾಯಿ ಮನೆಯಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಗೂಡಿಗೆ ಬೀಗ ಬಿದ್ದ ವಾರ ಒಂದು ಹುಚ್ಚು ಕೆಲಸ ಮಾಡಿದ್ದೆ. ಬಗದಲ್ ಗಾಯರಾಣದ ಬರೀ ಮಣ್ಣು, ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿ ತಂದು, ಇಲ್ಲಿ ತಟ್ಟೆಗಳಲ್ಲಿ ಹರಡಿ ನೀರು ಹಾಕಿ ಹೋಗಿದ್ದೆ. ಬೀಜ ಬಿತ್ತಿಲ್ಲ. ಈ ಸ್ವಚ್ಛ ಗಾಳಿಯಲ್ಲಿ ಆ ಮಣ್ಣಿನಿಂದ ತಾನಾಗಿ ಏನಾದರೂ ಏಳುತ್ತದೆಯೇ ನೋಡಲು. ಟೀಚರ್ ದಿನಾ ನೀರು ಚಿಮುಕಿಸಿದ್ದಾರೆ.

ಇವತ್ತು ಬಂದು ನೋಡಿದರೆ ತಟ್ಟೆ ತುಂಬ ಒರಟು ಹುಲ್ಲಿನ ಸೂಜಿ ಮೊಳಕೆ. ಅವುಗಳ ನಡುವೆ, ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋದರೆ, ಎರಡೆರಡು ದುಂಡು ಎಲೆ. ಕಾಳಿನ ಗಿಡ. ಒಂದಲ್ಲ, ಹಲವು. ಮಣ್ಣೊಳಗೆ ಬೀಜ ಜೀವ ಹಿಡಿದು ಬಿದ್ದಿವೆ. ಹೊಗೆ ನಿಂತರೆ ಅದು ವಾಪಸ್ ಬರುತ್ತದೆ. ಗಾಯರಾಣ ಸತ್ತಿಲ್ಲ!

ಟೀಚರಿಗೆ ಕೂಗಿ ತೋರಿಸಿದೆ. "ಛಲೋ ಆಯ್ತಲ್ರಿ" ಅಂದು ಚಹಾ ಇಡಲು ಒಳಗೆ ಹೋದರು. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು. ಇದು ಎಷ್ಟು ದೊಡ್ಡದು ಅಂತ ಹೇಳದೆಯೂ ತಿಳಿಯುವವರು ಈ ಜಿಲ್ಲೆಯಲ್ಲಿ ಒಬ್ಬರೇ.

ಫೋಟೋ ತೆಗೆದೆ. ಮತ್ತೊಂದು ತೆಗೆದೆ. ಫೋನ್ ಕಿವಿಗಿಟ್ಟುಕೊಂಡಿದ್ದೆ, ರಿಂಗ್ ಆಗುತ್ತಿತ್ತು, ಯಾರಿಗೆ ಹಚ್ಚಿದ್ದೇನೆ ಅಂತ ಆಗ ನೋಡಿದೆ. ಸಿದ್ದು.